ಬಿಕ್ಕಟ್ಟಿನ ಬೀದಿಯಲ್ಲಿ ಭೋಗದ ರಥ

2011ರ ಡಿಸೆಂಬರ್ 30. ಇಟಲಿಯ ಉತ್ತರ ಭಾಗದಲ್ಲಿ, ಡೊಲೊಮೈಟ್ ಪರ್ವತಗಳ ಮಡಿಲಲ್ಲಿರುವ ಕೊರ್ಟಿನಾ ದಾಂಪೆಝೊ ಎಂಬ ಪಟ್ಟಣವು ಹೊಸ ವರ್ಷದ ಸಂಭ್ರಮಕ್ಕೆ ಸಜ್ಜಾಗುತ್ತಿತ್ತು. 1956ರ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟ ನಡೆದ ಈ ಊರು ಆ ದೇಶದ ಸಿರಿವಂತರ ವಿಹಾರಧಾಮ. ಅಂದು ಅಲ್ಲಿಗೆ ಸುಮಾರು 80 ಮಂದಿ ಕರೆಯದ ಅತಿಥಿಗಳು ಬಂದಿಳಿದರು. ಅವರೆಲ್ಲರೂ ತೆರಿಗೆ ಇಲಾಖೆಯ ಅಧಿಕಾರಿಗಳು. ಅಂಗಡಿ, ಹೋಟೆಲು, ಉಪಾಹಾರ ಗೃಹಗಳ ಲೆಕ್ಕಪತ್ರಗಳನ್ನು ನೋಡಿದ್ದಲ್ಲದೆ, ಬೀದಿಯಲ್ಲಿ ಸಾಗುತ್ತಿದ್ದ ಐಷಾರಾಮಿ ಕಾರುಗಳನ್ನೂ ತಡೆದು ನಿಲ್ಲಿಸಿ, ಅವುಗಳ ಒಡೆಯರು ಸರ್ಕಾರಕ್ಕೆ ತೋರಿಸಿದ ಆದಾಯವೆಷ್ಟೆಂದು ತಾಳೆ ನೋಡಿದರು.

ಹೀಗೆ ತಪಾಸಣೆಗೊಳಗಾದ ಭಾರಿ ಶಕ್ತಿಯ ಕಾರುಗಳು 251. ಅವುಗಳಲ್ಲಿ 133 ವ್ಯಕ್ತಿಗಳ ಹೆಸರಿನಲ್ಲಿದ್ದವು. ಈ 133 ಮಂದಿಯಲ್ಲಿ 42 ಜನರು ತಮ್ಮ ವಾರ್ಷಿಕ ಆದಾಯ 30,000 ಯೂರೋಗಳಿಗಿಂತ ಕಡಿಮೆ ಎಂದು ಬರೆದುಕೊಟ್ಟಿದ್ದರು. ಇನ್ನೂ 16 ಮಂದಿಯದು 50,000ಕ್ಕಿಂತ ಕಡಿಮೆ. ಉಳಿದ 118 ಕಾರುಗಳು ಕಂಪೆನಿಗಳ ಹೆಸರಿನವು. ಆ ಕಂಪೆನಿಗಳಲ್ಲಿ 19 ನಷ್ಟದಲ್ಲಿರುವುದಾಗಿ ಹೇಳಿಕೊಂಡಿದ್ದವು. ಆಗ ಹೊಸ ಫೆರಾರಿ ಕಾರೊಂದರ ಬೆಲೆ ಸುಮಾರು ಎರಡು ಲಕ್ಷ ಯೂರೋ. 30,000 ಯೂರೋ ಆದಾಯದವನು ಆರೇಳು ವರ್ಷ ಒಂದು ತುತ್ತನ್ನೂ ತಿನ್ನದೆ ಉಳಿಸಿದರೆ ಮಾತ್ರ ಕೊಳ್ಳಬಹುದಾದ ವಾಹನವದು! ಅದೇ ದಿನ ಪಟ್ಟಣದ ಅಂಗಡಿಗಳಲ್ಲಿ ಮತ್ತೊಂದು ಪವಾಡವೂ ನಡೆಯಿತು. ಅಧಿಕಾರಿಗಳು ಬಳಿಯಲ್ಲಿ ನಿಂತಿದ್ದಾಗ ದುಬಾರಿ ವಸ್ತುಗಳ ಕೆಲವು ಮಳಿಗೆಗಳ ವಹಿವಾಟು ಹಿಂದಿನ ವರ್ಷದ ಅದೇ ದಿನಕ್ಕೆ ಹೋಲಿಸಿದರೆ ಶೇ 400ರವರೆಗೆ ಏರಿತು. ಕೊಂಡವರ ಸಂಖ್ಯೆ ದಿಢೀರನೆ ಹೆಚ್ಚಿರಲಿಲ್ಲ. ರಸೀದಿ ಹರಿಯುವ ಕೈಗಳು ಮಾತ್ರ ಅಂದು ಚುರುಕಾಗಿದ್ದವು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಘಟನೆಯ ಮಹತ್ವವನ್ನು ಅರಿಯಬೇಕಾದರೆ ಅಂದಿನ ಇಟಲಿಯ ಸ್ಥಿತಿಯನ್ನು ನೆನೆಯಬೇಕು. 2011ರ ನವೆಂಬರಿನಲ್ಲಿ ಆ ದೇಶದ ಸರ್ಕಾರವು ಹತ್ತು ವರ್ಷಗಳ ಸಾಲಕ್ಕೆ ಶೇ 7ಕ್ಕೂ ಮಿಗಿಲಾದ ಬಡ್ಡಿ ತೆರಬೇಕಾದ ಪರಿಸ್ಥಿತಿ ಒದಗಿತ್ತು. ಪ್ರಧಾನಿ ಬೆರ್ಲುಸ್ಕೋನಿ ಅಧಿಕಾರ ಬಿಟ್ಟರು. ಅರ್ಥಶಾಸ್ತ್ರಜ್ಞ ಮಾರಿಯೊ ಮೋಂತಿ ಆ ಸ್ಥಾನಕ್ಕೆ ಬಂದರು. ಡಿಸೆಂಬರ್ 4ರಂದು ಹೊಸ ಸರ್ಕಾರವು ಕಠಿಣ ಕ್ರಮಗಳನ್ನು ಸಾರಿತು. ನಿವೃತ್ತಿಯ ವಯಸ್ಸು ಏರಿತು, ಸ್ವಂತ ಮನೆಯ ಮೇಲಿನ ತೆರಿಗೆ ಮರಳಿ ಬಂದಿತು, ಬಹುಮಂದಿ ಪಿಂಚಣಿದಾರರಿಗೆ ಬೆಲೆಯೇರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳ ನಿಂತಿತು. ಅದನ್ನು ಪತ್ರಕರ್ತರಿಗೆ ವಿವರಿಸುತ್ತಿದ್ದ ಸಚಿವೆ ಎಲ್ಸಾ ಫೊರ್ನೇರೊ ಅವರಿಗೆ 'ತ್ಯಾಗ' ಎಂಬ ಪದವನ್ನು ಉಚ್ಚರಿಸಲಾಗಲಿಲ್ಲ. ಗಂಟಲು ಕಟ್ಟಿ ಕಣ್ಣೀರು ಬಂದಿತು. ಪ್ರಧಾನಿ ಮೋಂತಿ ತಮ್ಮ ಸಂಬಳವನ್ನೇ ಬಿಟ್ಟುಕೊಟ್ಟರು. 2014ರ ವೇಳೆಗೆ ಆ ದೇಶದಲ್ಲಿ ನಿರುದ್ಯೋಗ ಶೇ 12ನ್ನು ಮೀರಿತ್ತು. ಕೆಲಸ ಹುಡುಕುವ ಯುವಜನರಲ್ಲಂತೂ ಶೇ 40ನ್ನು ದಾಟಿತ್ತು. ಸಚಿವೆಯ ಕಣ್ಣೀರಿಗೂ ಕೊರ್ಟಿನಾದ ಕಾರುಗಳಿಗೂ ನಡುವಣ ಅಂತರ ನಾಲ್ಕು ವಾರಗಳೂ ಅಲ್ಲ.

ಹಾಗಾದರೆ ಆರ್ಥಿಕ ಬಿಕ್ಕಟ್ಟಿನ ಕಾಲದಲ್ಲಿ ಐಷಾರಾಮಿ ಕಾರನ್ನೋಡಿಸುವುದೇ ಪಾಪವೇ? ಈ ಪ್ರಶ್ನೆಗೆ ಆತುರದ ಉತ್ತರ ಸಲ್ಲದು. ನಮ್ಮ ಧರ್ಮಸಭೆಯು ಸೊತ್ತನ್ನು ಎಂದೂ ಶಪಿಸಿಲ್ಲ. 1891ರಲ್ಲಿ ಪೋಪ್ 13ನೆಯ ಲಿಯೋ ಅವರು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರವು ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಒಡೆತನ ಬೇರೆ, ಬಳಕೆ ಬೇರೆ. ಬಳಸುವಾಗ ಇಲ್ಲದವನ ಅಗತ್ಯವು ಕಣ್ಣ ಮುಂದಿರಬೇಕು ಎಂಬ ವಿವೇಕವನ್ನೂ ಅದೇ ಪತ್ರವು ಬೋಧಿಸಿತು. 1967ರ 'ಪೊಪುಲೋರುಮ್ ಪ್ರೊಗ್ರೆಸಿಯೊ' ಪತ್ರದಲ್ಲಿ ಪೋಪ್ 6ನೆಯ ಪೌಲರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಸ್ತಿಯ ಹಕ್ಕು ಯಾರಿಗೂ ಷರತ್ತಿಲ್ಲದೆ ದೊರೆತುದಲ್ಲವೆಂದು ಸ್ಪಷ್ಟಪಡಿಸಿದರು.

ಐಷಾರಾಮದ ಪರವಾಗಿ ಹೇಳುವವರ ಮಾತನ್ನೂ ನಾವು ಕೇಳಬೇಕು. ಸಿರಿವಂತನು ಹಣವನ್ನು ಪೆಟ್ಟಿಗೆಯಲ್ಲಿ ಬಚ್ಚಿಡುವುದಕ್ಕಿಂತ ಖರ್ಚು ಮಾಡುವುದೇ ಲೇಸು, ಅದರಿಂದ ಹತ್ತು ಮನೆಗಳ ಒಲೆ ಉರಿಯುತ್ತದೆ ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಅಮೆರಿಕವು 1991ರಿಂದ 30,000 ಡಾಲರಿಗೆ ಮೀರಿದ ಕಾರು, ಒಂದು ಲಕ್ಷ ಡಾಲರಿಗೆ ಮೀರಿದ ವಿಹಾರದೋಣಿ ಮುಂತಾದವುಗಳ ಮೇಲೆ ವಿಲಾಸ ತೆರಿಗೆ ಹೇರಿತು. ಅದೇ ಕಾಲದಲ್ಲಿ ಹಿಂಜರಿತವೂ ಬಂದು ದೋಣಿಗಳ ಮಾರಾಟ ಕುಸಿಯಿತು. ಸಿರಿವಂತರು ದೋಣಿ ಕೊಳ್ಳುವುದನ್ನು ಮುಂದೂಡಿದರು, ಕೆಲಸ ಕಳೆದುಕೊಂಡವರು ಬಡಗಿಗಳೂ ಬಣ್ಣ ಬಳಿಯುವವರೂ ಆಗಿದ್ದರು. 1993ರಲ್ಲಿ ಕಾರೊಂದನ್ನು ಬಿಟ್ಟು ಉಳಿದೆಲ್ಲ ವಸ್ತುಗಳ ಮೇಲಿನ ಆ ತೆರಿಗೆಯನ್ನು ತೆಗೆಯಬೇಕಾಯಿತು. ಇಟಲಿಯು 2012ರಿಂದ 185 ಕಿಲೋವ್ಯಾಟ್ ಶಕ್ತಿಯನ್ನು ಮೀರಿದ ಕಾರುಗಳಿಗೆ, ಮೀರಿದ ಪ್ರತಿ ಕಿಲೋವ್ಯಾಟಿಗೆ ವರ್ಷಕ್ಕೆ 20 ಯೂರೋಗಳಂತೆ ಹೆಚ್ಚುವರಿ ತೆರಿಗೆ ವಿಧಿಸಿತು. 400 ಕಿಲೋವ್ಯಾಟಿನ ಹೊಸ ಕಾರಿಗೆ ಅದು 4,300 ಯೂರೋ ಆಗುತ್ತದೆ. ಆಗಲೂ ಅನೇಕರು ತಮ್ಮ ಕಾರುಗಳನ್ನು ಹೊರದೇಶಗಳಿಗೆ ಮಾರಿದರು. ಬಿಕ್ಕಟ್ಟಿನ ಪೆಟ್ಟು ಇಂಥ ಕಾರು ತಯಾರಿಸುವ ಊರುಗಳಿಗೂ ತಗಲದಿರಲಿಲ್ಲ. 2008ರಲ್ಲಿ 2,430 ಕಾರುಗಳನ್ನು ಮಾರಿದ್ದ ಲ್ಯಾಂಬೊರ್ಗಿನಿ ಸಂಸ್ಥೆಯು 2010ರಲ್ಲಿ ಮಾರಿದ್ದು 1,302 ಮಾತ್ರ. ಕಾರ್ಖಾನೆಯಲ್ಲಿ ದುಡಿಯುವವನು ಸಿರಿವಂತನಲ್ಲವಷ್ಟೆ.

ಈ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಅದು ನಿಲ್ಲುವ ಮೇರೆಯನ್ನೂ ತೋರಿಸಬಯಸುತ್ತೇವೆ. ಕೊರ್ಟಿನಾದಲ್ಲಿ ಬಯಲಾದ ತಪ್ಪು ಖರ್ಚಿನದ್ದಲ್ಲ, ಸುಳ್ಳಿನದ್ದು. ಸರ್ಕಾರದ ಮುಂದೆ ಬಡವನಾಗಿ, ಬೀದಿಯಲ್ಲಿ ದೊರೆಯಾಗಿ ಮೆರೆಯುವವನು ತನ್ನ ಪಾಲಿನ ಹೊರೆಯನ್ನು ಪಿಂಚಣಿದಾರನ ಬೆನ್ನಿಗೆ ದಾಟಿಸಿರುತ್ತಾನೆ. ಸಂಬಳದಲ್ಲೇ ತೆರಿಗೆ ಕಡಿತವಾಗುವ ಶಿಕ್ಷಕನಿಗೆ, ದಾದಿಗೆ, ಗುಮಾಸ್ತನಿಗೆ ಬಚ್ಚಿಡುವ ದಾರಿಯೇ ಇಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ತೆರಿಗೆ ವಂಚನೆಯನ್ನು ಕದಿಯಬಾರದೆಂಬ ಏಳನೆಯ ಕಟ್ಟಳೆಯಡಿಯಲ್ಲೇ ಸೇರಿಸಿದೆ. ನಮ್ಮಲ್ಲಿ ಎಷ್ಟು ಮಂದಿ ಪಾಪನಿವೇದನೆಯ ಪೀಠದಲ್ಲಿ ಈ ಕಳವನ್ನು ಕಳವೆಂದು ಹೇಳಿಕೊಂಡಿದ್ದೇವೆ?

ಎರಡನೆಯದು ಅಂತಃಕರಣದ ಮಾತು. 2008ರ ನವೆಂಬರಿನಲ್ಲಿ ಅಮೆರಿಕದ ಮೂರು ದೊಡ್ಡ ಕಾರು ಸಂಸ್ಥೆಗಳಾದ ಜನರಲ್ ಮೋಟಾರ್ಸ್, ಫೋರ್ಡ್ ಹಾಗೂ ಕ್ರೈಸ್ಲರ್‌ಗಳ ಮುಖ್ಯಸ್ಥರು 2,500 ಕೋಟಿ ಡಾಲರುಗಳ ನೆರವು ಬೇಡಲು ರಾಜಧಾನಿ ವಾಷಿಂಗ್ಟನ್ನಿಗೆ ಬಂದರು. ಬಂದದ್ದು ಮೂರು ಪ್ರತ್ಯೇಕ ಖಾಸಗಿ ವಿಮಾನಗಳಲ್ಲಿ! ಜನಪ್ರತಿನಿಧಿಗಳು ಅವರನ್ನು ತರಾಟೆಗೆ ತೆಗೆದುಕೊಂಡರು. ಡಿಸೆಂಬರಿನಲ್ಲಿ ಮರಳಿ ಬರುವಾಗ ಮೂವರೂ ಡೆಟ್ರಾಯಿಟ್‌ನಿಂದ ತಮ್ಮ ಸಂಸ್ಥೆಯ ಮಿತವ್ಯಯದ ಕಾರುಗಳಲ್ಲೇ ರಸ್ತೆ ಮಾರ್ಗವಾಗಿ ಬಂದರು. ವಿಮಾನದ ಖರ್ಚು ಉಳಿದದ್ದರಿಂದ ಆ ಸಂಸ್ಥೆಗಳೇನೂ ಉದ್ಧಾರವಾಗಲಿಲ್ಲ, ನಿಜ. ಆದರೆ ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಸಾವಿರಾರು ಕುಟುಂಬಗಳ ಎದುರಿನಲ್ಲಿ ತಾವು ಹೇಗೆ ಕಾಣುತ್ತೇವೆಂಬ ಅರಿವೇ ಅವರಿಗೆ ಮೊದಲು ಇರಲಿಲ್ಲವೆಂಬುದು ದೊಡ್ಡ ಕೊರತೆ. ಶುಭಸಂದೇಶದ ಸಾಮತಿಯಲ್ಲಿ ಬರುವ ಧನಿಕನು ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಬಾಗಿಲಲ್ಲಿ ಬಿದ್ದಿದ್ದವನ ಕಡೆಗೆ ಅವನ ಕಣ್ಣು ಹರಿಯಲಿಲ್ಲ, ಅಷ್ಟೆ.

ಬೇರೆಯವರಿಗೆ ಬುದ್ಧಿ ಹೇಳುವಾಗ ನಮ್ಮ ಮನೆಯ ಕಸವನ್ನು ಮರೆಯಬಾರದು. ಜರ್ಮನಿಯ ಲಿಂಬುರ್ಗ್ ಧರ್ಮಪ್ರಾಂತದಲ್ಲಿ ಧರ್ಮಾಧ್ಯಕ್ಷರ ನಿವಾಸದ ಆವರಣಕ್ಕೆ ಸುಮಾರು 3 ಕೋಟಿ 10 ಲಕ್ಷ ಯೂರೋ ವೆಚ್ಚವಾದದ್ದು 2013ರಲ್ಲಿ ಬೆಳಕಿಗೆ ಬಂದು, ಮರುವರ್ಷ ಅವರ ರಾಜೀನಾಮೆಯನ್ನು ಪೋಪ್ ಫ್ರಾನ್ಸಿಸರು ಅಂಗೀಕರಿಸಿದರು. ಅದಕ್ಕೆ ಮೊದಲೇ, 2013ರ ಜುಲೈ 6ರಂದು, ಗುರುಮಠದ ವಿದ್ಯಾರ್ಥಿಗಳನ್ನೂ ಕನ್ಯಾಮಠದ ಅಭ್ಯರ್ಥಿಗಳನ್ನೂ ಉದ್ದೇಶಿಸಿ ಮಾತನಾಡುತ್ತ, ಗುರುವಾಗಲಿ ಧರ್ಮಭಗಿನಿಯಾಗಲಿ ಹೊಚ್ಚಹೊಸ ಮಾದರಿಯ ಕಾರಿನಲ್ಲಿ ಹೋಗುವುದನ್ನು ಕಂಡರೆ ತಮಗೆ ನೋವಾಗುತ್ತದೆಂದು ಅವರು ಹೇಳಿದ್ದರು. ಸೇವೆಗೆ ಕಾರು ಬೇಕು, ಆದರೆ ಸರಳವಾದುದು ಸಾಕು. ಅಂದದ ಕಾರು ಬೇಕೆನಿಸಿದಾಗ ಹಸಿವಿನಿಂದ ಸಾಯುವ ಮಕ್ಕಳನ್ನು ನೆನೆಯಿರಿ ಎಂಬುದು ಆ ಮಾತಿನ ಸಾರ.

ಕಾರು ತಯಾರಕರಿಗೆ ಇದು ತಿಳಿಯದೆ ಇರಲಿಲ್ಲ. ಆದರೂ 2017ರ ನವೆಂಬರ್ 15ರಂದು ಲ್ಯಾಂಬೊರ್ಗಿನಿ ಸಂಸ್ಥೆಯು ವ್ಯಾಟಿಕನ್ ಧ್ವಜದ ಬಣ್ಣಗಳನ್ನು ನೆನಪಿಸುವ, ಬಿಳಿ ಮೈಗೆ ಹೊನ್ನಿನ ಪಟ್ಟಿಗಳಿದ್ದ 'ಹುರಕಾನ್' ಕಾರೊಂದನ್ನು ಅವರಿಗೆ ಕಾಣಿಕೆಯಾಗಿ ತಂದಿತು. ಅವರು ಅದರ ಮುಂಭಾಗದ ಮೇಲೆ ಸಹಿ ಹಾಕಿ ಹರಾಜಿಗೆ ಕಳುಹಿಸಿಕೊಟ್ಟರು. 2018ರ ಮೇ ತಿಂಗಳಲ್ಲಿ ಮೊಂಟೆ ಕಾರ್ಲೊದಲ್ಲಿ ಅದು 7,15,000 ಯೂರೋಗಳಿಗೆ ಮಾರಾಟವಾಯಿತು. ಹಣದ ವಿನಿಯೋಗವನ್ನು ಮೊದಲೇ ನಿಶ್ಚಯಿಸಲಾಗಿತ್ತು: ಇರಾಕಿನ ನಿನೆವೆ ಬಯಲಿನಲ್ಲಿ ಮನೆಮಠ ಕಳೆದುಕೊಂಡ ಕ್ರೈಸ್ತರ ಪುನರ್ವಸತಿ, ಮಾನವ ಸಾಗಣೆಗೆ ಬಲಿಯಾದ ಮಹಿಳೆಯರ ರಕ್ಷಣೆ, ಆಫ್ರಿಕದಲ್ಲಿ ವೈದ್ಯಕೀಯ ಹಾಗೂ ಇತರ ಸೇವಾಕಾರ್ಯಗಳು. ಇದು ಹೊಸ ಪದ್ಧತಿಯೇನೂ ಅಲ್ಲ. ಪೋಪ್ ದ್ವಿತೀಯ ಜಾನ್ ಪೌಲರಿಗೆ ಫೆರಾರಿ ಸಂಸ್ಥೆಯು ಅರ್ಪಿಸಿದ 400ನೆಯ 'ಎಂಜೊ' ಕಾರು 2005ರಲ್ಲಿ ಹತ್ತು ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹರಾಜಾಗಿ, ಆ ಹಣವು ಸುನಾಮಿ ಸಂತ್ರಸ್ತರ ನೆರವಿಗೆ ಸಂದಿತು.

ಕೊರ್ಟಿನಾ ದೂರದ ಊರೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆಯಿಂದ ನುಣುಚಿಕೊಳ್ಳಲು ದುಬಾರಿ ಕಾರುಗಳನ್ನು ಕಡಿಮೆ ತೆರಿಗೆಯ ಪ್ರದೇಶಗಳಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಚಾಳಿ ಹಳೆಯದು. 2025ರ ಜುಲೈಯಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುತ್ತಿದ್ದ, ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಕೆಂಪು ಫೆರಾರಿಯೊಂದನ್ನು ಸಾರಿಗೆ ಅಧಿಕಾರಿಗಳು ಪತ್ತೆಹಚ್ಚಿದರು. ಒಡೆಯರು ತೆರಿಗೆ ಮತ್ತು ದಂಡವೆಂದು 1 ಕೋಟಿ 41 ಲಕ್ಷ ರೂಪಾಯಿಗೂ ಮೀರಿದ ಮೊತ್ತವನ್ನು ತೆರಬೇಕಾಯಿತು. ಒಂದೇ ಒಂದು ಕಾರಿನ ಬಾಕಿ ಇಷ್ಟು! ಈ ಹಣದಿಂದ ಎಷ್ಟು ಶಾಲೆಗಳ ಮಾಡು ಹೊದಿಸಬಹುದಿತ್ತೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ನಮ್ಮ ಕುಟುಂಬಗಳಲ್ಲಿ ಫೆರಾರಿ ಕೊಳ್ಳುವವರು ವಿರಳ. ಆದರೆ ಅಳತೆ ಚಿಕ್ಕದಾದ ಮಾತ್ರಕ್ಕೆ ಪ್ರಶ್ನೆ ಬದಲಾಗದು. ಹೊರದೇಶದಲ್ಲಿ ದುಡಿಯುವ ಮಗನ ಕೆಲಸ ಅಲುಗಾಡುತ್ತಿರುವಾಗಲೂ ನೆರೆಮನೆಯವರ ಕಾರಿಗಿಂತ ಒಂದು ಗೇಣು ಉದ್ದದ ಕಾರು ಅಂಗಳದಲ್ಲಿ ನಿಲ್ಲಲೇಬೇಕೆಂಬ ಹಟ ನಮ್ಮಲ್ಲಿಲ್ಲವೇ? ರೋಸ್, ಮದುವೆ, ಮರುಮದುವೆಗಳ ಸಾಲವನ್ನು ಕಂತು ಕಂತಾಗಿ ತೀರಿಸುತ್ತಿರುವಾಗಲೇ ಕಾರಿನ ಕಂತನ್ನೂ ಹೊತ್ತುಕೊಂಡು ನಿದ್ದೆಗೆಟ್ಟ ತಂದೆತಾಯಿಗಳಿಲ್ಲವೇ? ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದ್ದು ಬಡವರಿಗೆ ಮಾತ್ರವಲ್ಲ. ಭಾನುವಾರದ ಬಲಿಪೂಜೆಗೆ ಕೆಲಸ ಕಳೆದುಕೊಂಡವನೂ ಬರುತ್ತಾನೆ, ಕಾರಿನಿಂದಿಳಿಯುವವನೂ ಬರುತ್ತಾನೆ. ಇಬ್ಬರೂ ಒಂದೇ ರೊಟ್ಟಿಯನ್ನು ಸ್ವೀಕರಿಸುತ್ತಾರೆ. ಅನಂತರ ಅಂಗಳದಲ್ಲಿ ಒಬ್ಬರನ್ನೊಬ್ಬರು ಗುರುತಿಸದೆ ಹೋದರೆ ಆ ಸ್ವೀಕಾರಕ್ಕೆ ಏನರ್ಥ?

ಅದೇ ವೇಳೆ ಇನ್ನೊಂದು ಎಚ್ಚರವೂ ಅಗತ್ಯ. ನೆರೆಯವನ ಕಾರನ್ನು ಕಂಡು ಕರುಬುವುದೂ, ಅದು ಕಳ್ಳಹಣದ್ದೇ ಇರಬೇಕೆಂದು ಊಹಿಸಿ ಊರೆಲ್ಲ ಸಾರುವುದೂ ಧರ್ಮವಲ್ಲ. ಕೊರ್ಟಿನಾದಲ್ಲಿ ಕಾರು ನಿಲ್ಲಿಸಬೇಕಾಗಿ ಬಂದವರಲ್ಲಿ ಗಳಿಕೆಗೆ ತಕ್ಕ ಲೆಕ್ಕ ಕೊಟ್ಟವರೂ ಇದ್ದರು. ಅವರಿಗೆ ನಾಚಬೇಕಾದ ಕಾರಣವಿರಲಿಲ್ಲ. ತೀರ್ಪು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ನಮ್ಮ ಸ್ವಂತ ಲೆಕ್ಕ ಮಾತ್ರ.

ಆದ್ದರಿಂದ ಕಷ್ಟಕಾಲದಲ್ಲಿ ದೊಡ್ಡ ಖರೀದಿಗೆ ಕೈಹಾಕುವ ಮುನ್ನ ಪ್ರತಿ ಕುಟುಂಬವೂ ಸಂಜೆಯ ಜಪಸರ ಮುಗಿದ ಬಳಿಕ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಹಣಕ್ಕೆ ಸಲ್ಲಬೇಕಾದ ತೆರಿಗೆ ಸಂದಿದೆಯೇ? ನಮ್ಮಲ್ಲಿ ದುಡಿಯುವವರಾದ ಚಾಲಕ, ಮನೆಗೆಲಸದವಳು, ತೋಟದ ಆಳು ಇವರಿಗೆ ನ್ಯಾಯವಾದ ಕೂಲಿ ಸಂದಿದೆಯೇ? ನಮ್ಮ ಧರ್ಮಕೇಂದ್ರದಲ್ಲಿ ಈ ವರ್ಷ ಕೆಲಸ ಕಳೆದುಕೊಂಡವನ ಮನೆಯ ಬಾಗಿಲನ್ನು ನಾವು ಒಮ್ಮೆಯಾದರೂ ತಟ್ಟಿದ್ದೇವೆಯೇ? ಮೂರಕ್ಕೂ ನಿರ್ಮಲ ಮನಸ್ಸಿನಿಂದ ಹೌದೆನ್ನಬಲ್ಲವನು ತನ್ನ ಕಾರನ್ನು ನಿಶ್ಚಿಂತೆಯಿಂದ ಓಡಿಸಲಿ. ಹಾಗೆನ್ನಲಾರದವನು ಕೀಲಿಕೈಯನ್ನು ಕೆಲಕಾಲ ಮೊಳೆಗೆ ತೂಗುಹಾಕಿ, ಮೊದಲು ಆ ಮೂರನೆಯ ಮನೆಯವರೆಗೆ ನಡೆದುಹೋಗಲಿ.