‘ಕಾಲು ತೆಗೆದರು’ ಎಂದರೆ ಸಾಲದು

‘ಆತನ ಕಾಲು ತೆಗೆದರಂತೆ’ ಎಂದು ನಾವು ಮರುಗಿ ನುಡಿಯುವುದುಂಟು. ಆದರೆ ಕನ್ನಡದಲ್ಲಿ ಕಾಲೆಂಬುದು ಪಾದದಿಂದ ತೊಡೆಯ ಬುಡದವರೆಗೆ ಸಲ್ಲುವ ಮಾತು. ಎಲ್ಲಿ ತೆಗೆದರೆಂಬುದನ್ನು ಆ ವಾಕ್ಯವು ತಿಳಿಸದು. ರೋಗಿಯ ಮುಂದಿನ ಬಾಳು ನಿಂತಿರುವುದಾದರೋ ಆ ‘ಎಲ್ಲಿ’ ಎಂಬುದರ ಮೇಲೆಯೇ.

ಅಂಗಚ್ಛೇದನದಲ್ಲಿ ಮುಖ್ಯವಾಗಿ ಎರಡು ಬಗೆ. ಎಲುಬನ್ನೇ ಕೊಯ್ದು ಅಂಗವನ್ನು ತೆಗೆಯುವುದು ಒಂದು. ಎಲುಬನ್ನು ಕೊಯ್ಯದೆ ಕೀಲಿನಲ್ಲಿಯೇ ಬಿಡಿಸುವ ಸಂಧಿವಿಚ್ಛೇದನ ಇನ್ನೊಂದು. ಮೊಣಕಾಲಿನ ಕೆಳಗೆ ಕೊಯ್ದರೆ ಆ ಕೀಲು ಉಳಿಯುವುದರಿಂದ ಕೃತಕ ಕಾಲಿನ ನಡಿಗೆ ಅಷ್ಟು ಸುಲಭ. ತೊಡೆಯಲ್ಲಿ ಕೊಯ್ದರೆ ಮೊಣಕಾಲಿನ ಕೆಲಸವನ್ನೂ ಯಂತ್ರವೇ ಮಾಡಬೇಕು, ದಣಿವು ಹೆಚ್ಚು.

ಕೆಲವು ಛೇದನಗಳಿಗೆ ವೈದ್ಯರ ಹೆಸರೇ ನಿಂತಿದೆ. ಎಡಿನ್‌ಬರೋದ ಜೇಮ್ಸ್ ಸೈಮ್ 1842ರಲ್ಲಿ ಹಿಮ್ಮಡಿಯ ದಪ್ಪ ಚರ್ಮವನ್ನು ಉಳಿಸಿಕೊಂಡು ಪಾದವನ್ನು ಅದರ ಕೀಲಿನ ಬಳಿ ತೆಗೆದನು. ಅದು ಇಂದಿಗೂ ‘ಸೈಮ್ ಛೇದನ’. ಹೆಸರು ವೈದ್ಯನನ್ನು ನೆನಪಿಸಿತೇ ಹೊರತು ಸ್ಥಳವನ್ನು ತಿಳಿಸಲಿಲ್ಲ. ಆದುದರಿಂದಲೇ ಈಗಿನ ಅಂತರರಾಷ್ಟ್ರೀಯ ಪರಿಭಾಷೆಯು ಎಲುಬು, ಕೀಲುಗಳ ಹೆಸರಿನಿಂದ ಛೇದನವನ್ನು ಗುರುತಿಸುತ್ತದೆ. ಕನ್ನಡವೂ ಅದೇ ದಾರಿಯನ್ನು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ. ದುರ್ಯೋಧನನ ಊರುಭಂಗವನ್ನು ಬಲ್ಲವರಿಗೆ ‘ಊರುಚ್ಛೇದನ’ವು ಅರ್ಥವಾದೀತು, ಆದರೂ ರೋಗಿಗೆ ‘ತೊಡೆಯೆಲುಬಿನಲ್ಲಿ ಛೇದನ’ ಎಂಬುದೇ ಮೇಲು.

ಇದು ಬರಿಯ ಪದಚರ್ಚೆಯಲ್ಲ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಂತಹ ಎಡೆಗಳಲ್ಲಿ ಯಂತ್ರಗಳ ನಡುವೆ ದುಡಿಯುವವರಿಗೆ ಇದು ಅನ್ನದ ಪ್ರಶ್ನೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಅನುಸೂಚಿಯಂತೆ, ತೋಳನ್ನು ಹೆಗಲಿನ ಕೀಲಿನಲ್ಲಿ ಕಳೆದುಕೊಂಡರೆ ಗಳಿಕೆಯ ಶಕ್ತಿಗೆ ನೂರಕ್ಕೆ 90ರಷ್ಟು ನಷ್ಟ, ಒಂದು ಹಸ್ತವಾದರೆ 60, ಹೆಬ್ಬೆರಳಾದರೆ 30 ಎಂದಿತ್ತು. ಉಳಿದ ಮೋಟಿನ ಉದ್ದವೂ ಅಲ್ಲಿ ಲೆಕ್ಕಕ್ಕೆ ಬರುತ್ತಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಂತಹ ಪಟ್ಟಿಯನ್ನು ಇರಿಸಿಕೊಂಡಿದೆ. ಹೀಗಿರುವಾಗ ‘ಕೈ ತೆಗೆಯಲಾಗಿದೆ’ ಎಂಬ ಒಂದು ಮಾತಿನಿಂದ ಪರಿಹಾರವನ್ನು ಅಳೆಯುವುದೆಂತು?

ವೈದ್ಯರ ಭಾಷೆ ವೈದ್ಯರಿಗೆ ತಿಳಿದರೆ ಸಾಕೆಂದು ಕೆಲವರು ವಾದಿಸಬಹುದು. ಶಸ್ತ್ರಕ್ರಿಯೆಯ ಕೋಣೆಯೊಳಗೆ ಆ ವಾದ ಸರಿ. ಆದರೆ ಆಸ್ಪತ್ರೆಯ ಚೀಟಿಯನ್ನು ಹಿಡಿದು ಕಚೇರಿಗೂ ಕೃತಕ ಅಂಗ ಮಾಡುವವರಲ್ಲಿಗೂ ಹೋಗಬೇಕಾದವನು ರೋಗಿ. ಯಾವ ಪಕ್ಕ, ಯಾವ ಎಲುಬು ಅಥವಾ ಕೀಲು, ಮೋಟಿನ ಉದ್ದವೆಷ್ಟು ಎಂಬ ಮೂರು ಸಂಗತಿಗಳನ್ನು ಆ ಚೀಟಿಯಲ್ಲಿ ಕನ್ನಡದಲ್ಲಿಯೂ ಬರೆಯತಕ್ಕದ್ದು. ಅದಕ್ಕೆ ತಗಲುವುದು ಎರಡು ಸಾಲು ಮಾತ್ರ. ನಾಳೆ ವೈದ್ಯರಾಗಲಿರುವ ವಿದ್ಯಾರ್ಥಿಗಳು ಈ ಎರಡು ಸಾಲುಗಳನ್ನು ಬರೆಯುವ ಅಭ್ಯಾಸವನ್ನು ಇಂದೇ ಬೆಳೆಸಿಕೊಳ್ಳಲಿ.