ಹಲಸಿನ ಮರಕ್ಕೆ ಲೇಸರ್ ಹಿಡಿದರೆ...

ನಮ್ಮೂರ ಕಡೆ ಮರದ ದಪ್ಪ ಹೇಳೋಕೆ ಟೇಪು ಬೇಕಿರಲಿಲ್ಲ. "ಎರಡು ತೆಕ್ಕೆ ಮರ ಕಣಪ್ಪ" ಅಂದರೆ ಮುಗೀತು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಸುತ್ತಮುತ್ತ ಹೊಲದ ಬದುಗಳ ಮೇಲೆ ನಿಂತಿರುವ ಹಳೇ ಹಲಸಿನ ಮರಗಳನ್ನು ನೋಡಿದವರಿಗೆ ಈ ಅಳತೆ ಚೆನ್ನಾಗಿ ಅರ್ಥವಾಗುತ್ತೆ. ನಮ್ಮ ಚಿಕ್ಕಪ್ಪನ ಹೊಲದಲ್ಲೂ ಅಂಥದ್ದೊಂದು ಇತ್ತು. ಕೆಲವು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವಾಗ ಹೋಯಿತು.

ಮರ ಹೋಗಿದ್ದಕ್ಕಿಂತ ಚಿಕ್ಕಪ್ಪನನ್ನು ಹೆಚ್ಚು ಕಾಡಿದ್ದು ಅದನ್ನು ಬರೆದುಕೊಂಡ ರೀತಿ. ಪರಿಹಾರದ ಲೆಕ್ಕಕ್ಕೆ ಬಂದವರ ಪಟ್ಟಿಯಲ್ಲಿ ಇದ್ದಿದ್ದು "ಹಲಸು - 3" ಅಂತ ಅಷ್ಟೇ. ಅಜ್ಜನ ಕಾಲದ ಮರ ಒಂದು, ಅದರ ಪಕ್ಕ ತಾನಾಗಿ ಹುಟ್ಟಿದ್ದ ಎಳೇ ಮರ ಎರಡು. ಮೂರಕ್ಕೂ ಒಂದೇ ರೇಟು! "ದೊಡ್ಡದು ವರ್ಷಕ್ಕೆ ನೂರಾರು ಕಾಯಿ ಬಿಡುತ್ತೆ ಸ್ವಾಮಿ" ಅಂದರೆ, "ದಾಖಲೆ ಇದೆಯಾ?" ಅಂತ ಕೇಳಿದರಂತೆ. ಹಲಸಿನ ಮರಕ್ಕೆ ಯಾರಾದರೂ ದಾಖಲೆ ಇಡ್ತಾರಾ?

ಇದ್ದರೂ ಎಲ್ಲಿರುತ್ತೆ ಹೇಳಿ. ಪಹಣಿಯಲ್ಲಿ ಮರಗಳಿಗೂ ಒಂದು ಕಲಂ ಇದೆ. ಅದರಲ್ಲಿ ಮರದ ಹೆಸರು, ಸಂಖ್ಯೆ, ಇಷ್ಟೇ. ಎಷ್ಟೋ ಪಹಣಿಗಳಲ್ಲಿ ಅದೂ ಖಾಲಿ. ಎರಡು ತೆಕ್ಕೆ ಮರವೂ ಒಂದು, ಮೊಣಕೈ ದಪ್ಪದ ಮರವೂ ಒಂದು.

ಇದೆಲ್ಲ ಮತ್ತೆ ನೆನಪಾಗಿದ್ದು ಕಟ್ಟಡಗಳ ಸರ್ವೆ ಮಾಡುವ ಗೆಳೆಯನೊಬ್ಬ ಲೇಸರ್ ಸ್ಕ್ಯಾನರ್ ಹಿಡಿದುಕೊಂಡು ನನ್ನ ಜೊತೆ ಊರಿಗೆ ಬಂದಾಗ. ಸುಮ್ಮನೆ ನೋಡೋಣ ಅಂತ ಬಾವಿ ಪಕ್ಕ ಉಳಿದಿರುವ ಹಲಸಿನ ಮರದ ಸುತ್ತ ನಾಲ್ಕು ಕಡೆ ಅದನ್ನು ನಿಲ್ಲಿಸಿದೆವು. ಸ್ಟ್ಯಾಂಡಿನ ಮೇಲೆ ಕೂತ ಆ ಡಬ್ಬಿ ಸುತ್ತ ತಿರುಗುತ್ತಾ ಸೆಕೆಂಡಿಗೆ ಲಕ್ಷಗಟ್ಟಲೆ ಚುಕ್ಕಿ ಅಳೆಯುತ್ತೆ. ತತ್ವ ಸರಳ. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂ.ಮೀ. ಓಡುತ್ತೆ. ಹೋಗಿ ಬಡಿದು ವಾಪಸ್ ಬರಲು ಹಿಡಿದ ಸಮಯ ಗೊತ್ತಾದರೆ ದೂರ ಗೊತ್ತಾಯಿತು. ಎಲ್ಲ ಚುಕ್ಕಿಗಳನ್ನೂ ಸೇರಿಸಿದರೆ ಲ್ಯಾಪ್‌ಟಾಪಿನಲ್ಲಿ ಮರವೇ ಎದ್ದು ನಿಲ್ಲುತ್ತೆ. ಬುಡದ ಸುತ್ತಳತೆ ನಮ್ಮ ಟೇಪಿಗೂ ಅದಕ್ಕೂ ಒಂದೇ ಅಂಗುಲ ವ್ಯತ್ಯಾಸ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಅಗೋ, ಸಿಡಿಲಿಗೆ ಸೀಳಿದ ಕೊಂಬೆ!" ಅಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಹೋದ ಮರದ್ದೂ ಹೀಗೊಂದು ಇದ್ದಿದ್ದರೆ ಅಂತ ಅವರಿಗೂ ಅನ್ನಿಸಿರಬೇಕು.

ಇದು ಆಟದ ಸಾಮಾನಲ್ಲ. ಆಸ್ಟ್ರೇಲಿಯಾದಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಬಾದಾಮಿ ತೋಟದ ಸಾಲುಗಳ ನಡುವೆ ಲೇಸರ್ ಹೊತ್ತ ಗಾಡಿ ಓಡಿಸಿ, ಒಂದೊಂದು ಮರದ ಹರವು ಎಷ್ಟು, ಅದಕ್ಕೂ ಇಳುವರಿಗೂ ಎಷ್ಟು ಹೊಂದಿಕೆ ಅಂತ ಲೆಕ್ಕ ಹಾಕಿ 2016ರಲ್ಲೇ ಪ್ರಕಟಿಸಿದ್ದಾರೆ. ಅಲ್ಲೇ ಬಂಡಾಬರ್ಗ್‌ನ ಮಾವಿನ ತೋಟದಲ್ಲಿ, ಕ್ಯಾಮೆರಾಕ್ಕೆ ಕಾಣುವ ಹಣ್ಣು ಯಾವ ಮರದ್ದು ಅಂತ ಬೇರ್ಪಡಿಸಲೂ ಲೇಸರನ್ನೇ ಬಳಸಿದರು.

ಹಾಗಂತ ಲೇಸರ್ ಹೇಳಿದ್ದೇ ವೇದವಾಕ್ಯ ಅಂದುಕೊಂಡರೆ ಕೆಟ್ಟಿರಿ. ಸಾಲಿನಲ್ಲಿ ನೆಟ್ಟ ಬಾದಾಮಿ ಬೇರೆ, ಬದುವಿನ ಹಲಸು ಬೇರೆ. ಹಲಸಿನ ಎಲೆ ಒತ್ತು, ವರ್ಷಪೂರ್ತಿ ಹಸಿರು. ಮುಂದಿನ ಎಲೆಗೆ ಬಡಿದ ಕಿರಣ ಹಿಂದಿನ ಕೊಂಬೆ ಮುಟ್ಟಲ್ಲ. ಗಾಳಿ ಬೀಸಿದರೆ ಚಿತ್ರ ಕಲೆಸಿಹೋಗುತ್ತೆ. ಕಾಂಡಕ್ಕೆ ಅಂಟಿಕೊಂಡ ಕಾಯಿ ನಮ್ಮ ಚಿತ್ರದಲ್ಲಿ ಚೆನ್ನಾಗೇ ಕಂಡವು, ಮೇಲಿನವು ಮಾಯ. ಇನ್ನು ರುಚಿ? ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಒಂದು ಮರದಿಂದ "ಸಿದ್ದು" ತಳಿ ಬಂತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿದ್ದು ತೊಳೆಯ ಕೆಂಪು ಬಣ್ಣ, ಸಿಹಿ ನೋಡಿ, ಮರದ ಗಾತ್ರ ನೋಡಿ ಅಲ್ಲ. ಲೇಸರಿಗೆ ತೊಳೆಯ ಬಣ್ಣ ಕಾಣಲ್ಲ.

ಅದಕ್ಕೇ ನನ್ನ ವಾದ ಇಷ್ಟೇ. ಮರದ ಗಾತ್ರಕ್ಕೆ ಲೇಸರ್ ಸಾಕ್ಷಿ ಹೇಳಲಿ, ಫಸಲಿಗೆ ರೈತನ ಪುಸ್ತಕ ಸಾಕ್ಷಿ ಹೇಳಲಿ. ಎರಡೂ ರೈತನ ಕೈಯಲ್ಲಿರಲಿ, ನೋಟಿಸು ಬರುವ ಮುಂಚೆಯೇ ಇರಲಿ.

ಯಾಕೆ ಅಂದರೆ 2013ರ ಭೂಸ್ವಾಧೀನ ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ, ಮರಗಳ ಬೆಲೆ ಕಟ್ಟಲು ಜಿಲ್ಲಾಧಿಕಾರಿ ಕೃಷಿ, ತೋಟಗಾರಿಕೆಯ ಅನುಭವಿಗಳ ನೆರವು ಪಡೆಯಬಹುದು ಅಂತಿದೆ. ಆದರೆ ಅವರು ನೋಡುವುದು ಬಂದ ದಿನ ಕಂಡಿದ್ದನ್ನು ಮಾತ್ರ. ಹತ್ತು ವರ್ಷದ ಕಥೆ ಹೇಳಬೇಕಾದವರು ನಾವು. ನಮ್ಮ ಸೀಮೆಯಲ್ಲಿ ಜಮೀನಿನ ಮೇಲೆ ಕಣ್ಣು ಬೀಳುವುದು ನಿಲ್ಲುವ ಲಕ್ಷಣ ಇಲ್ಲ. ದೇವನಹಳ್ಳಿಗೆ ವಿಮಾನ ನಿಲ್ದಾಣ 2008ರಲ್ಲಿ ಬಂತು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನ ಕೈಬಿಡುತ್ತೇವೆ ಅಂತ ಸರ್ಕಾರ ಹೇಳಿದ್ದು 2025ರ ಜುಲೈ 15ರಂದು, ರೈತರ ಮೂರು ವರ್ಷಕ್ಕೂ ಮೀರಿದ ಹೋರಾಟದ ನಂತರ. ಎಲ್ಲರಿಗೂ ಹಾಗೆ ಮೂರು ವರ್ಷ ಕೂರೋಕೆ ಆಗಲ್ಲ.

ಇನ್ನೊಂದು ಭಯವೂ ಇದೆ. ಗುತ್ತಿಗೆಗೆ ಮರ ಹಿಡಿಯುವ ವ್ಯಾಪಾರಿ ಇವತ್ತು ತಲೆ ಎತ್ತಿ ನೋಡಿ ಅಂದಾಜಿಗೆ ಬೆಲೆ ಹೇಳ್ತಾನೆ, ನಾವೂ ಅಂದಾಜಿಗೇ ಚೌಕಾಸಿ ಮಾಡ್ತೀವಿ. ನಾಳೆ ಅವನು ಮಾತ್ರ ಸ್ಕ್ಯಾನರ್ ತಂದರೆ? ನಮ್ಮ ಮರದ ಲೆಕ್ಕ ನಮಗಿಂತ ಮುಂಚೆ ಅವನಿಗೆ ಗೊತ್ತಾಗುತ್ತೆ. ಅಳತೆಗೋಲು ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲೇ.

ಒಳ್ಳೇ ಸ್ಕ್ಯಾನರಿಗೆ ಲಕ್ಷಾಂತರ ರೂಪಾಯಿ, ಒಬ್ಬ ರೈತ ಕೊಳ್ಳೋ ಮಾತಲ್ಲ. ನಿಜ. ಆದರೆ ಕೃಷಿ ಯಂತ್ರಧಾರೆಯಲ್ಲಿ ಟ್ರ್ಯಾಕ್ಟರ್, ಟಿಲ್ಲರ್ ಬಾಡಿಗೆಗೆ ಸಿಗುವಾಗ ಜಿಲ್ಲೆಗೊಂದು ಸ್ಕ್ಯಾನರ್ ಯಾಕೆ ಸಿಗಬಾರದು? ತೂಬಗೆರೆಯಲ್ಲಿ ಹಲಸು ಬೆಳೆಗಾರರ ಸಂಘವೇ ಇದೆ, ಜಿಕೆವಿಕೆ ಹತ್ತಿರದಲ್ಲೇ ಇದೆ. ಐದು ವರ್ಷಕ್ಕೊಮ್ಮೆ ಹಳೇ ಮರಗಳನ್ನು ಅಳೆದು, ದಿನಾಂಕ ಹಾಕಿ, ಒಂದು ಪ್ರತಿ ರೈತನಿಗೆ ಕೊಟ್ಟರೆ ಸಾಕು. 2020ರಿಂದ ಕೆಲವು ದುಬಾರಿ ಐಫೋನುಗಳಲ್ಲೂ ಲೇಸರ್ ಇದೆ. ಅದು ಐದು ಮೀಟರ್ ಆಚೆ ಮುಟ್ಟಲ್ಲ, ಆದರೂ ಬುಡಕ್ಕೆ ಸಾಕು. ಅದೂ ಇಲ್ಲದಿದ್ದರೆ ಟೇಪು, ಫೋಟೋ, ನೋಟ್‌ಬುಕ್ಕು ಇದ್ದೇ ಇದೆ.

ಚಿಕ್ಕಪ್ಪ ಈಗ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬಾವಿ ಪಕ್ಕದ ಮರದ ಕಾಯಿ ಎಣಿಸಿ ಬರೆಯೋಕೆ ಶುರು ಮಾಡಿದ್ದಾರೆ. ನಿಮ್ಮ ಮನೆ ಮರದ ಲೆಕ್ಕ ಯಾರ ಹತ್ತಿರ ಇದೆ?