ಬಿದಿರು ಕೋಲಿನ ಹುಡುಗ, ಬಲ ಅಂಚಿನ ಓಟಗಾರ



ನಮ್ಮ ಗುಳೇದಗುಡ್ಡದ ಓಣಿಯ ಆರನೇ ಇಯತ್ತೆಯ ಹುಡುಗನೊಬ್ಬ ಮೊನ್ನೆ ಕೇಳಿದ: "ಅಜ್ಜಾ, ಟಿ.ವಿ.ಯಾಗ ಬರ್ಫದ ಮ್ಯಾಲ ಹಾಕಿ ಆಡಾಕತ್ತಿದ್ರು. ಅವ್ರಿಗೆ ಪಗಾರ ಕೊಡ್ತಾರಂತ. ಆಟ ಆಡಿದ್ರೂ ಪಗಾರ ಬರ್ತೈತೇನು?" ನಾನು ಬಾಯಿ ತೆರೆಯುವ ಮೊದಲೇ ಅವನ ಅಜ್ಜಿ, "ಮೊದಲ ಸಾಲಿ ಕಲಿ, ಆಮ್ಯಾಲ ಆಟ" ಎಂದರು. ಇಬ್ಬರ ಮಾತಿನಲ್ಲೂ ತೂಕವಿದೆ. ಆದ್ದರಿಂದ ಈ ವಾರ ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ಬರ್ಫದ ಮಾತು. ಐಸ್ ಹಾಕಿಯಲ್ಲಿ ಚೆಂಡು ಇರುವುದಿಲ್ಲ. ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲದ ಗಟ್ಟಿ ರಬ್ಬರ್ ಬಿಲ್ಲೆ ಇರುತ್ತದೆ. ಅದಕ್ಕೆ ಪಕ್ ಎನ್ನುತ್ತಾರೆ. ಒಂದು ತಂಡದಿಂದ ಒಮ್ಮೆಗೆ ಆರೇ ಮಂದಿ ಕಣದಲ್ಲಿರುತ್ತಾರೆ. ಬೂಟಿನ ಅಡಿಗೆ ಉಕ್ಕಿನ ಅಲಗು. ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಅವಧಿ. ಕೆನಡಾ ಮತ್ತು ಅಮೆರಿಕದ ದೊಡ್ಡ ಲೀಗ್ 1917ರಲ್ಲೇ ಶುರುವಾಯಿತು. ಅಲ್ಲಿ ಆಟವೇ ನೌಕರಿ. ನಮ್ಮ ದೇಶದಲ್ಲಿ ಈ ಆಟದ ತವರು ಲಡಾಖ್. ಚಳಿಗಾಲದಲ್ಲಿ ಅಲ್ಲಿನ ಕೆರೆ-ಕೊಳಗಳು ಹೆಪ್ಪುಗಟ್ಟಿದಾಗ ಅವೇ ಮೈದಾನ. ಲಡಾಖಿನ ಹುಡುಗಿಯರೇ ಹೆಚ್ಚಾಗಿರುವ ನಮ್ಮ ಮಹಿಳಾ ತಂಡ 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು. 2025ರಲ್ಲಿ ಏಷ್ಯಾ ಕಪ್ಪಿನಲ್ಲಿ ಕಂಚು ತಂದಿತು.

ಆದರೆ ಕನ್ನಡ ನಾಡಿನಲ್ಲಿ ಕೆರೆ ಹೆಪ್ಪುಗಟ್ಟುವುದಿಲ್ಲ. ನಮ್ಮ ಹಾಕಿ ಮಣ್ಣಿನ ಮೇಲೆ ಹುಟ್ಟಿದ್ದು. ಆ ಹಾಕಿಯನ್ನೇ ಬಾಳಾಗಿ ಮಾಡಿಕೊಂಡ ನಮ್ಮವರೊಬ್ಬರ ಕಥೆ ಹೇಳುತ್ತೇನೆ. ಅವರ ಹೆಸರು ಎಸ್.ವಿ. ಸುನಿಲ್. ಎಸ್ ಎಂದರೆ ಸೋಮವಾರಪೇಟೆ, ಕೊಡಗು ಜಿಲ್ಲೆಯ ಊರು. ವಿ ಎಂದರೆ ವಿಠಲಾಚಾರ್ಯ, ಅವರ ತಂದೆ. ಊರನ್ನೂ ಅಪ್ಪನನ್ನೂ ಹೆಸರಿನಲ್ಲೇ ಹೊತ್ತುಕೊಂಡು ಲೋಕ ಸುತ್ತಿದವರು ಇವರು.

ಸುನಿಲ್ ಹುಟ್ಟಿದ್ದು 1989ರ ಮೇ 6ರಂದು. ತಂದೆ ಬಡಿಗತನ ಮಾಡುತ್ತಿದ್ದರು. ಅಣ್ಣನದು ಅಕ್ಕಸಾಲಿಗರ ಕೆಲಸ. ತಾಯಿ ತೀರಿಕೊಂಡಾಗ ಈ ಹುಡುಗನಿಗೆ ನಾಲ್ಕೇ ವರ್ಷ. ಕೈಕೆಲಸ ನಂಬಿದ ಮನೆಯಲ್ಲಿ ದುಡ್ಡಿನ ಲೆಕ್ಕ ಹೇಗಿರುತ್ತದೆ ಎಂಬುದನ್ನು ಮಗ್ಗದ ಮನೆಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಖಣ ನೇಯ್ದು ಮುಗಿದು, ಅದು ಮಾರಾಟವಾಗಿ, ಕೈಗೆ ಕಾಸು ಬಂದ ಮೇಲೆಯೇ ಸಂತೆ. ಅಂಥ ಮನೆಯಲ್ಲಿ ಹಾಕಿ ಸ್ಟಿಕ್ ಕೊಳ್ಳುವ ಮಾತೆಲ್ಲಿ? ಸುನಿಲ್ ಮೊದಮೊದಲು ಆಡಿದ್ದು ಬಿದಿರಿನ ಕೋಲಿನಿಂದ.

ಕೊಡಗಿನಲ್ಲಿ ಹುಟ್ಟಿದ್ದು ಮಾತ್ರ ಅವರಿಗೆ ಒಂದು ಭಾಗ್ಯ. ಅಲ್ಲಿ ಹಾಕಿ ಎಂದರೆ ಊರಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರುಮಾಡಿದರು. 2024ರ ಹೊತ್ತಿಗೆ ಅದರಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯೇ ಆಯಿತು. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ತಂದ ತಂಡದ ಎಂ.ಎಂ. ಸೋಮಯ್ಯ, ಎಲ್ಲರೂ ಕೊಡಗಿನವರೇ. ಮಗ್ಗದ ಸಪ್ಪಳ ಕೇಳುತ್ತ ಬೆಳೆದ ಮಗುವಿಗೆ ಲಾಳಿ ಹಿಡಿಯುವುದು ಹೇಗೆ ತಾನಾಗಿ ಬರುತ್ತದೋ, ಅಲ್ಲಿನ ಮಕ್ಕಳಿಗೆ ಸ್ಟಿಕ್ ಹಾಗೆ.

ಈಗ ಆಟದ ಒಂದು ಗುಟ್ಟು ಕೇಳಿ. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಸ್ಟಿಕ್ಕಿನ ಒಂದು ಬದಿ ಮಾತ್ರ ಚಪ್ಪಟೆ, ಚೆಂಡನ್ನು ಆ ಬದಿಯಿಂದಲೇ ಆಡಬೇಕು. ಹನ್ನೊಂದು ಜನರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಸುನಿಲ್ ಅವರದು ಮುಂಚೂಣಿ, ಅದರಲ್ಲೂ ಬಲಗಡೆಯ ಅಂಚು. ಚೆಂಡು ಸಿಕ್ಕಿದ್ದೇ ತಡ, ಅಂಚಿನ ಗೆರೆಯ ಗುಂಟ ಬಾಣದಂತೆ ಓಡಿ, ಎದುರಾಳಿಗಳನ್ನು ಹಿಂದೆ ಹಾಕಿ, ಗೋಲಿನ ಮುಂದೆ ನಿಂತ ಜೊತೆಗಾರನಿಗೆ ಚೆಂಡು ತಲುಪಿಸುವುದು ಆ ಜಾಗದವರ ಕೆಲಸ. ಓಟವೇ ಸುನಿಲ್ ಅವರ ಆಸ್ತಿ. ಜಗತ್ತಿನ ಅತಿ ವೇಗದ ಮುಂಚೂಣಿ ಆಟಗಾರರಲ್ಲಿ ಅವರ ಹೆಸರು ಬರುತ್ತಿತ್ತು.

2007ರಲ್ಲಿ ಚೆನ್ನೈಯಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಅವರು ಭಾರತದ ಅಂಗಿ ತೊಟ್ಟರು. ಆಗ ವಯಸ್ಸು ಹದಿನೆಂಟು. ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7-2ರಿಂದ ಸೋಲಿಸಿತು. ಬಿದಿರು ಕೋಲಿನ ಹುಡುಗನಿಗೆ ಮೊದಲ ದೊಡ್ಡ ಪಂದ್ಯಾವಳಿಯಲ್ಲೇ ಚಿನ್ನ.

ಎರಡು ವರ್ಷದ ನಂತರ, 2009ರ ಏಪ್ರಿಲ್. ಮಲೇಷ್ಯಾದ ಇಪೋ ನಗರದಲ್ಲಿ ಅಜ್ಲಾನ್ ಷಾ ಕಪ್ ನಡೆಯುತ್ತಿತ್ತು. ಪಂದ್ಯಾವಳಿಯ ನಡುವೆ ಸುನಿಲ್ ಅವರಿಗೆ ಸುದ್ದಿ ಬಂತು: ಅಪ್ಪ ಇನ್ನಿಲ್ಲ. ತಾಯಿಯಿಲ್ಲದ ಮಗನನ್ನು ಬೆಳೆಸಿದ ಅಪ್ಪ. ಸಮುದ್ರದಾಚೆ ಇದ್ದ ಮಗನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅವರು ತಂಡವನ್ನು ಬಿಟ್ಟು ಬರಲಿಲ್ಲ. ಅಲ್ಲೇ ಉಳಿದು ಆಡಿದರು. ಭಾರತ ಫೈನಲ್‌ನಲ್ಲಿ ಮಲೇಷ್ಯಾವನ್ನು 3-1ರಿಂದ ಸೋಲಿಸಿ ಕಪ್ ಗೆದ್ದಿತು.

ಅಜ್ಜ-ಅಜ್ಜಿಯರೇ, ಈ ಮಾತು ನಿಮಗೆ ಚುರುಕ್ ಎಂದಿರಬೇಕು. ಮಗನಾದವನು ಅಪ್ಪನ ಕೊನೆಯ ಮುಖ ನೋಡಬೇಕು, ಮಣ್ಣಿಗೋ ಬೆಂಕಿಗೋ ಕೈ ಜೋಡಿಸಬೇಕು ಎಂದು ನಂಬಿದವರು ನಾವು. ಆ ನಂಬಿಕೆ ತಪ್ಪಲ್ಲ. ಓಡಿ ಬರುವ ಮಗನೂ ಒಳ್ಳೆಯ ಮಗನೇ. ಉಳಿದು ಆಡಿದ ಮಗನ ಎದೆಯಲ್ಲಿ ಏನಿತ್ತು ಎಂಬುದನ್ನು ಹೊರಗಿನವರು ಅಳೆಯಲು ಆಗುವುದಿಲ್ಲ. ನನಗೆ ತೋಚುವುದು ಇಷ್ಟು: ಅಪ್ಪ-ಅಮ್ಮನ ಋಣ ತೀರಿಸುವ ದಾರಿ ಒಂದೇ ಅಲ್ಲ. ಬಡತನದಲ್ಲಿ ಮಗನನ್ನು ಆಟಕ್ಕೆ ಬಿಟ್ಟುಕೊಟ್ಟ ಅಪ್ಪನಿಗೆ, ಆ ಆಟವನ್ನು ಪೂರ್ತಿ ಆಡಿ ಮುಗಿಸುವುದೂ ಒಂದು ನಮಸ್ಕಾರವೇ. ಮಕ್ಕಳೇ, ಇದನ್ನು ನೀವು ಈಗಲೇ ತೀರ್ಮಾನಿಸಬೇಕಿಲ್ಲ. ದೊಡ್ಡವರೊಡನೆ ಕುಳಿತು ಮಾತಾಡಿ. ಅವರ ಮನಸ್ಸಿನಲ್ಲಿ ಏನಿದೆ ಕೇಳಿ.

ಗೆದ್ದ ಮೇಲೆ ಎಲ್ಲವೂ ಹೂವಿನ ಹಾದಿಯಾಗಲಿಲ್ಲ. 2012ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ಎಲ್ಲ ಪಂದ್ಯ ಸೋತು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ ಮರಳಿತು. ಆ ತಂಡದಲ್ಲಿ ಸುನಿಲ್ ಇದ್ದರು. ಒಲಿಂಪಿಕ್ಸಿನಲ್ಲಿ ಎಂಟು ಚಿನ್ನ ಗೆದ್ದ ದೇಶ ಕಟ್ಟಕಡೆಗೆ ಬಂದರೆ ಜನ ಸುಮ್ಮನಿರುತ್ತಾರೆಯೇ? ಹಾಕಿ ಸತ್ತಿತು ಎಂದವರೇ ಹೆಚ್ಚು. ಎರಡೇ ವರ್ಷಕ್ಕೆ, 2014ರಲ್ಲಿ, ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಆಟ 1-1 ಸಮವಾಗಿ, ಶೂಟೌಟಿನಲ್ಲಿ 4-2ರಿಂದ ಭಾರತ ಗೆದ್ದಿತು. ಹದಿನಾರು ವರ್ಷದ ನಂತರ ಬಂದ ಚಿನ್ನ ಅದು. ಆ ತಂಡದಲ್ಲಿ ಸುನಿಲ್ ಜೊತೆಗೆ ರಘುನಾಥ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಇದ್ದರು. ಒಂದೇ ಜಿಲ್ಲೆಯ ನಾಲ್ವರು!

ಮುಂದೆ 2016ರಲ್ಲಿ ರಿಯೊ ಒಲಿಂಪಿಕ್ಸ್. ಅದೇ ವರ್ಷದ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೆಳ್ಳಿ, ಏಷ್ಯಾದ ವರ್ಷದ ಆಟಗಾರ ಎಂಬ ಗೌರವ. 2017ರಲ್ಲಿ ಅರ್ಜುನ ಪ್ರಶಸ್ತಿ. 2018ರಲ್ಲಿ ಮಾತ್ರ ಮೊಣಕಾಲಿನ ಗಾಯ ಅಡ್ಡ ಬಂತು. ನಮ್ಮದೇ ನೆಲದಲ್ಲಿ, ಭುವನೇಶ್ವರದಲ್ಲಿ ನಡೆದ ವಿಶ್ವಕಪ್ ಅವರಿಗೆ ತಪ್ಪಿಹೋಯಿತು. 2021ರಲ್ಲಿ ಟೋಕಿಯೊದಲ್ಲಿ ಭಾರತ 41 ವರ್ಷದ ಮೇಲೆ ಒಲಿಂಪಿಕ್ ಪದಕ ಗೆದ್ದಿತು. ಆ ತಂಡದಲ್ಲಿ ಸುನಿಲ್ ಇರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ, 32ರ ವಯಸ್ಸಿನಲ್ಲಿ, ಅವರು ನಿವೃತ್ತಿ ಹೇಳಿದರು. ಹದಿನಾಲ್ಕು ವರ್ಷ, 264 ಪಂದ್ಯ, 72 ಗೋಲು.

ಮಕ್ಕಳೇ, ಈ ಲೆಕ್ಕವನ್ನು ಒಮ್ಮೆ ಭಾಗಿಸಿ ನೋಡಿ. ಮೂರು-ನಾಲ್ಕು ಪಂದ್ಯಕ್ಕೆ ಒಂದು ಗೋಲು. ಹಾಗಾದರೆ ಉಳಿದ ಪಂದ್ಯಗಳಲ್ಲಿ ಅವರು ಮಾಡಿದ್ದೇನು? ಓಡಿದರು, ಚೆಂಡು ತಂದುಕೊಟ್ಟರು, ಬೇರೆಯವರು ಗೋಲು ಹೊಡೆದರು. ಹತ್ತು ವರ್ಷ ಬೆವರು ಹರಿಸಿ ಕಟ್ಟಿದ ಮನೆಯ ಗೃಹಪ್ರವೇಶಕ್ಕೆ ಬಾರದ ಹಾಗೆ, ಟೋಕಿಯೊ ಪದಕವೂ ಅವರ ಕೊರಳಿಗೆ ಬೀಳಲಿಲ್ಲ. ಆದರೆ ಹನ್ನೆರಡನೆಯ ಸ್ಥಾನದಿಂದ ತಂಡವನ್ನು ಎತ್ತಿದ ಕೈಗಳಲ್ಲಿ ಅವರ ಕೈಯೂ ಇತ್ತು.

ಇನ್ನು ಪಗಾರದ ಮಾತು. ನಮ್ಮ ಹಾಕಿ ಆಟಗಾರರಿಗೆ ಬಹುಕಾಲ ಅನ್ನ ಕೊಟ್ಟಿದ್ದು ರೈಲ್ವೆ, ಸೈನ್ಯ, ಬ್ಯಾಂಕು, ಪೆಟ್ರೋಲಿಯಂ ಕಂಪನಿಗಳ ನೌಕರಿ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂದ ಮೇಲೆ ಹರಾಜಿನ ಹಣವೂ ಬಂತು. ಆದ್ದರಿಂದ ಉತ್ತರ: ಹೌದು, ಆಟಕ್ಕೂ ಪಗಾರವಿದೆ. ಆದರೆ ಅದು ಬೆರಳೆಣಿಕೆಯ ಮಂದಿಗೆ, ಅದೂ ಮೂವತ್ತು-ಮೂವತ್ತೈದರವರೆಗೆ. ಒಂದು ಮೊಣಕಾಲು ಮುನಿಸಿಕೊಂಡರೆ ಎಲ್ಲವೂ ನಿಲ್ಲುತ್ತದೆ. ಹಾಗಾಗಿ ಸಾಲಿ ಬಿಡಬಾರದು ಎಂಬ ಅಜ್ಜಿಯ ಮಾತು ನೂರಕ್ಕೆ ನೂರು ಸರಿ. ಅದರ ಜೊತೆಗೆ ದೊಡ್ಡವರಲ್ಲಿ ನನ್ನದೊಂದು ಬಿನ್ನಹ: ಸಾಲಿ ಬಿಟ್ಟ ಮೇಲೆ ಸಂಜೆ ಒಂದು ತಾಸು ಮಕ್ಕಳನ್ನು ಮೈದಾನಕ್ಕೆ ಬಿಡಿ. ಆ ತಾಸಿನಲ್ಲಿ ಎಲ್ಲರೂ ಸುನಿಲ್ ಆಗುವುದಿಲ್ಲ. ಆದರೆ ಸೋತು ಮನೆಗೆ ಬಂದು, ಉಂಡು, ಮಲಗಿ, ಮರುದಿನ ಮತ್ತೆ ಆಡಲು ಹೋಗುವುದನ್ನು ಎಲ್ಲರೂ ಕಲಿಯುತ್ತಾರೆ.

ಮಕ್ಕಳಿಗೆ ಈ ವಾರದ ಕೆಲಸ: 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಹಾಕಿ ವಿಶ್ವಕಪ್ ಗೆದ್ದಿತು. ಆ ದಿನಗಳಲ್ಲಿ ಊರಿನ ಜನ ರೇಡಿಯೊ ಸುತ್ತ ಕೂಡಿ ಕಾಮೆಂಟರಿ ಕೇಳುತ್ತಿದ್ದರು. ನಿಮ್ಮ ಅಜ್ಜನಿಗೋ ಅಜ್ಜಿಗೋ ಅದು ನೆನಪಿದೆಯೇ ಕೇಳಿ, ಅವರು ಹೇಳಿದ್ದನ್ನು ಹತ್ತು ಸಾಲಿನಲ್ಲಿ ಬರೆದಿಡಿ. ಮುಂದಿನ ವಾರ ಮತ್ತೆ ಭೇಟಿಯಾಗೋಣ.